ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌.ಡಿ. ಮಾರ್ಗದರ್ಶನ

ಶಾಲೆ, ಕಲಿಕೆ, ಬೋಧನೆ, ಶಿಕ್ಷಕರ ತರಬೇತಿ, ಪರೀಕ್ಷೆ, ಪಠ್ಯಕ್ರಮ, ಶಿಕ್ಷಣ ನೀತಿ ಮುಂತಾದ ವಿಷಯಗಳ ಮೇಲೆ ಡಾಕ್ಟರೇಟ್ ಪದವಿಗಾಗಿ ಬರೆಯುವ ಮಹಾಪ್ರಬಂಧವನ್ನು ಸಾರಲೇಖದ ಹಂತದಿಂದ ಮೌಖಿಕ ಪರೀಕ್ಷೆಯವರೆಗೆ ನಡೆಸಿಕೊಂಡು ಹೋಗುವ ಅಧ್ಯಾಪಕರ ಕೆಲಸ. ಕಡತಗಳಲ್ಲಿ ಇವರನ್ನು ಸಂಶೋಧನಾ ಮಾರ್ಗದರ್ಶಕರು ಎಂದು ಬರೆಯುತ್ತಾರೆ. ವಿಭಾಗದ ಮಾತಿನಲ್ಲಿ ಗೈಡ್ ಎಂದರೆ ಸಾಕು. ವಿಷಯದ ಆಯ್ಕೆ, ಓದು, ಸಂಶೋಧನಾ ಉಪಕರಣಗಳ ತಯಾರಿ, ಶಾಲೆಗಳಲ್ಲಿ ಮಾಹಿತಿ ಸಂಗ್ರಹ, ವಿಶ್ಲೇಷಣೆ, ಬರವಣಿಗೆ, ಪ್ರಕಟಣೆ ಎಲ್ಲವೂ ಇವರ ಕಣ್ಣಳತೆಯಲ್ಲಿ ನಡೆಯಬೇಕು.

ಬೇರೆ ಶಾಸ್ತ್ರಗಳ ಗೈಡ್‌ಗೂ ಶಿಕ್ಷಣಶಾಸ್ತ್ರದ ಗೈಡ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ರಸಾಯನಶಾಸ್ತ್ರಕ್ಕೋ ಭೌತಶಾಸ್ತ್ರಕ್ಕೋ ಬರುವ ಸಂಶೋಧನಾರ್ಥಿಗಳು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮುಗಿಸಿ ನೇರವಾಗಿ ಬಂದವರು. ಶಿಕ್ಷಣ ವಿಭಾಗದ ಬಾಗಿಲಿಗೆ ಬರುವವರಲ್ಲಿ ಅನೇಕರು ಆಗಲೇ ವರ್ಷಗಟ್ಟಲೆ ಪಾಠ ಮಾಡಿದವರು: ಪ್ರೌಢಶಾಲಾ ಶಿಕ್ಷಕರು, ಬಿ.ಎಡ್. ಕಾಲೇಜಿನ ಉಪನ್ಯಾಸಕರು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಸಿಬ್ಬಂದಿ, ಒಮ್ಮೊಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿಗಳು. ಮಕ್ಕಳಿಗೆ ಯಾವುದು ಒಳ್ಳೆಯದು ಎಂಬ ಬಗ್ಗೆ ಇವರಿಗೆ ಗಟ್ಟಿಯಾದ ಅಭಿಪ್ರಾಯಗಳಿರುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಲಬರೀ 2003ರ ಒಂದು ಲೇಖನದಲ್ಲಿ ಈ ತೊಡಕನ್ನು ಬಿಡಿಸಿ ಹೇಳಿದ್ದಾರೆ. ಶಿಕ್ಷಕ ವೃತ್ತಿ ಬೇಡುವುದು ಏನು ಮಾಡಬೇಕು ಎಂಬ ನಿರ್ಧಾರವನ್ನು, ಸಂಶೋಧನೆ ಬೇಡುವುದು ಏನು ನಡೆಯುತ್ತಿದೆ ಎಂಬ ವಿಶ್ಲೇಷಣೆಯನ್ನು. ಶಿಕ್ಷಕಿಗೆ ಎದುರಿಗಿರುವ ಈ ಮಗು ಮುಖ್ಯ, ಸಂಶೋಧಕಿಗೆ ಇಂಥ ಮಕ್ಕಳ ಬಗ್ಗೆ ಏನು ಹೇಳಬಹುದು ಎಂಬುದು ಮುಖ್ಯ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅನುಭವಿ ಶಿಕ್ಷಕರಿಗೆ ತಮ್ಮ ಅನುಭವವನ್ನೇ ಕಿತ್ತುಕೊಂಡಂತೆ ಅನಿಸುತ್ತದೆ. ಅನುಭವವನ್ನು ಉಳಿಸಿಕೊಂಡೇ ಅಭಿಪ್ರಾಯವನ್ನು ಪ್ರಶ್ನೆಯಾಗಿಸಲು ಕಲಿಸುವುದು ಗೈಡ್‌ನ ಮೊದಲ ಕೆಲಸ. ಉಳಿದದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ.

ಹಿನ್ನೆಲೆ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ 1893ರಲ್ಲಿ ಶಿಕ್ಷಣ ವಿಷಯದ ಪಿಎಚ್‌.ಡಿ. ಶುರುವಾಯಿತು. 1920ರಲ್ಲಿ ಹಾರ್ವರ್ಡ್ ತನ್ನ ಶಿಕ್ಷಣ ಶಾಲೆಯನ್ನು ತೆರೆದಾಗ ಪಿಎಚ್‌.ಡಿ. ಬದಲು ಎಡ್.ಡಿ. (ಡಾಕ್ಟರ್ ಆಫ್ ಎಜುಕೇಷನ್) ಎಂಬ ಹೊಸ ಪದವಿಯನ್ನು ತಂದಿತು. ಆಡಳಿತಗಾರರಿಗೂ ಅನುಭವಿ ಶಿಕ್ಷಕರಿಗೂ ಎಡ್.ಡಿ., ಪಂಡಿತರಿಗೆ ಪಿಎಚ್‌.ಡಿ. ಎಂಬುದು ಲೆಕ್ಕಾಚಾರ. ಆದರೆ ಎರಡರ ಗೆರೆ ಬೇಗನೆ ಅಳಿಸಿಹೋಯಿತು. ಎರಡು ಪದವಿಗೂ ಅದೇ ಗೈಡ್, ಅದೇ ಬಗೆಯ ಪ್ರಬಂಧ. ಒಂದಕ್ಕೆ ಸ್ವಲ್ಪ ಹೆಚ್ಚು ಗೌರವ, ಇನ್ನೊಂದಕ್ಕೆ ಸ್ವಲ್ಪ ಕಡಿಮೆ. 2006ರಲ್ಲಿ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್‌ಮನ್ ಮತ್ತು ಸಂಗಡಿಗರು ಈ ಗೊಂದಲವನ್ನು ಕಟುವಾಗಿ ಟೀಕಿಸಿ, ವೃತ್ತಿನಿರತರಿಗೆ ಬೇರೆಯದೇ ಡಾಕ್ಟರೇಟ್ ಬೇಕು ಎಂದರು. ಮರುವರ್ಷವೇ ಕಾರ್ನೆಗಿ ಸಂಸ್ಥೆಯ ಆಶ್ರಯದಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಎಡ್.ಡಿ.ಯನ್ನು ಹೊಸದಾಗಿ ಕಟ್ಟುವ ಯೋಜನೆ ಹಾಕಿಕೊಂಡವು. ಅತ್ತ ಹಾರ್ವರ್ಡ್ ತಾನೇ ಹುಟ್ಟಿಸಿದ ಎಡ್.ಡಿ.ಯ ಜಾಗಕ್ಕೆ 2014ರಿಂದ ಪಿಎಚ್‌.ಡಿ.ಯನ್ನು ತಂದು ಕೂರಿಸಿತು. ಬ್ರಿಟನ್ನಿನಲ್ಲಿ ಎಡ್.ಡಿ. 1992ರಲ್ಲಿ ಬ್ರಿಸ್ಟಲ್‌ನಿಂದ ಹೊರಟು ಹರಡಿತು. ಭಾರತದಲ್ಲಿ ಅದು ಬೇರೂರಲಿಲ್ಲ. ಇಲ್ಲಿ ವೃತ್ತಿನಿರತ ಶಿಕ್ಷಕರೂ ಪಿಎಚ್‌.ಡಿ.ಯನ್ನೇ ಮಾಡಬೇಕು.

ಮಾರ್ಗದರ್ಶನದ ಪರಂಪರೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಷಿಕಾಗೊ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಬಳಿ 1896ರಲ್ಲಿ ಡಾಕ್ಟರೇಟ್ ಪಡೆದ ಚಾರ್ಲ್ಸ್ ಜಡ್ 1909ರಿಂದ ಈ ವಿಭಾಗವನ್ನು ನಡೆಸಿದರು. ಅದೇ ವಿಭಾಗದಿಂದ 1927ರಲ್ಲಿ ರಾಲ್ಫ್ ಟೈಲರ್ ಹೊರಬಂದರು. ಟೈಲರ್ ಬಳಿ ಕೆಲಸ ಮಾಡುತ್ತ ಲೀ ಕ್ರಾನ್‌ಬಾಕ್ 1940ರಲ್ಲಿ, ಬೆಂಜಮಿನ್ ಬ್ಲೂಮ್ 1942ರಲ್ಲಿ ಪಿಎಚ್‌.ಡಿ. ಪಡೆದರು. ಮೇಲೆ ಹೇಳಿದ ಶುಲ್‌ಮನ್ ಕೂಡ 1963ರಲ್ಲಿ ಅಲ್ಲಿಂದಲೇ ಪಿಎಚ್‌.ಡಿ. ಪಡೆದವರು. ಕರ್ನಾಟಕದ ಯಾವ ಬಿ.ಎಡ್. ವಿದ್ಯಾರ್ಥಿಯೂ ಬ್ಲೂಮ್‌ನ ವರ್ಗೀಕರಣ ಬರೆಯದೆ ಪಾಠಯೋಜನೆ ಮುಗಿಸುವುದಿಲ್ಲ. ಪ್ರಶ್ನಾವಳಿ ಬಳಸುವ ಸಂಶೋಧನಾರ್ಥಿಗಳು ಕ್ರಾನ್‌ಬಾಕ್ ಆಲ್ಫಾ ಎಂಬ ವಿಶ್ವಾಸಾರ್ಹತೆಯ ಅಳತೆಯನ್ನು ಲೆಕ್ಕ ಹಾಕದೆ ಸಂಶೋಧನಾ ವಿಧಾನದ ಮೂರನೇ ಅಧ್ಯಾಯ ದಾಟುವುದಿಲ್ಲ. ಬ್ಲೂಮ್ 1950ರ ದಶಕದ ಕೊನೆಯಲ್ಲಿ ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳಿಗಾಗಿ ಭಾರತಕ್ಕೂ ಬಂದಿದ್ದರು.

ಬ್ಲೂಮ್ ಹೆಸರು ಇನ್ನೊಂದು ಕಾರಣಕ್ಕೂ ಇಲ್ಲಿ ಬರಬೇಕು. 1984ರಲ್ಲಿ ಅವರು ಬರೆದ 'ಎರಡು ಸಿಗ್ಮಾ' ಲೇಖನ ಶಿಕ್ಷಣ ಸಂಶೋಧನೆಯಲ್ಲೇ ಅತಿ ಪ್ರಸಿದ್ಧವಾದವುಗಳಲ್ಲಿ ಒಂದು. ಪ್ರತ್ಯೇಕವಾಗಿ ಪಾಠ ಹೇಳಿಸಿಕೊಂಡ ಸರಾಸರಿ ಮಗು ಮೂವತ್ತು ಮಕ್ಕಳ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳನ್ನು ಹಿಂದೆ ಹಾಕುತ್ತದೆ ಎಂಬುದು ಅದರ ಸಾರ. ಅದರ ಅಡಿಪಾಯ ಅವರ ಇಬ್ಬರು ಸಂಶೋಧನಾರ್ಥಿಗಳಾದ ಜೋಆ್ಯನ್ ಅನಾನಿಯಾ ಮತ್ತು ಆರ್ಥರ್ ಬರ್ಕ್ ಅವರ ಪಿಎಚ್‌.ಡಿ. ಪ್ರಬಂಧಗಳು. ಪ್ರಯೋಗ ನಡೆದದ್ದು ಸುಮಾರು ಮೂರು ವಾರ. ಪಾಠದ ವಿಷಯ ಸಂಭಾವ್ಯತೆ ಮತ್ತು ನಕ್ಷಾಶಾಸ್ತ್ರ. ಲೇಖನ ಗೈಡ್ ಹೆಸರಿನಲ್ಲಿ ಲೋಕವಿಖ್ಯಾತವಾಯಿತು, ತರಗತಿಗಳಲ್ಲಿ ಪ್ರಯೋಗ ನಡೆಸಿದವರ ಹೆಸರು ತಜ್ಞರಿಗಷ್ಟೇ ಗೊತ್ತು. ಕರ್ಟ್ ವ್ಯಾನ್‌ಲೇನ್ 2011ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ ಪ್ರತ್ಯೇಕ ಪಾಠದ ಪರಿಣಾಮ ಎರಡು ಸಿಗ್ಮಾ (ಮಾನಕ ವಿಚಲನೆ) ಬದಲು ಸುಮಾರು 0.79 ಎಂದು ಕಂಡಿತು. ಗೈಡ್‌ನ ಉತ್ಸಾಹ ಸಣ್ಣ ಪ್ರಯೋಗವೊಂದರ ಮೇಲೆ ಎಷ್ಟು ಭಾರ ಹೇರಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಭಾರತದಲ್ಲಿ ಶಿಕ್ಷಣಶಾಸ್ತ್ರದ ಮೊದಲ ಪಿಎಚ್‌.ಡಿ. 1943ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಂತು. ದೆಹಲಿಯ ಕೇಂದ್ರೀಯ ಶಿಕ್ಷಣ ಸಂಸ್ಥೆ (1947), ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ ಅಂದರೆ ಎನ್‌ಸಿಇಆರ್‌ಟಿ (1961), ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಉನ್ನತ ಅಧ್ಯಯನ ಕೇಂದ್ರ (1963) ಈ ಕೆಲಸಕ್ಕೆ ನೆಲೆ ಒದಗಿಸಿದವು. ಬರೋಡದ ಎಂ.ಬಿ. ಬುಚ್ ದೇಶದ ಶಿಕ್ಷಣ ಸಂಶೋಧನೆಗಳ ಸಾರಾಂಶಗಳನ್ನು ಒಟ್ಟುಗೂಡಿಸಿ 1974ರಲ್ಲಿ ಮೊದಲ ಸಮೀಕ್ಷಾ ಸಂಪುಟ ತಂದರು. ಮುಂದೆ ಈ ಸಂಪುಟಗಳ ಹೊಣೆ ಎನ್‌ಸಿಇಆರ್‌ಟಿಗೆ ಹೋಯಿತು. ಅಂತರ್ಜಾಲ ಇಲ್ಲದ ಕಾಲದಲ್ಲಿ ಸಂಶೋಧನಾರ್ಥಿಗೆ ಗೈಡ್ ಹೇಳುತ್ತಿದ್ದ ಮೊದಲ ಮಾತೇ 'ಬುಚ್ ಸರ್ವೆ ನೋಡ್ಕೊಂಡು ಬನ್ನಿ'. ಆ ಸಂಪುಟಗಳಿಂದ ಉಪಕಾರವಾದಷ್ಟೇ ಅಪಕಾರವೂ ಆಯಿತು. ಮೂಲ ಪ್ರಬಂಧ ಓದದೆ ಅರ್ಧ ಪುಟದ ಸಾರಾಂಶವನ್ನೇ ಎತ್ತಿ ಸಾಹಿತ್ಯ ಸಮೀಕ್ಷೆಯ ಎರಡನೇ ಅಧ್ಯಾಯದಲ್ಲಿ ಇಳಿಸುವ ರೂಢಿಗೆ ಅವು ದಾರಿ ಮಾಡಿಕೊಟ್ಟವು.

ಕರ್ನಾಟಕದಲ್ಲಿ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರಗಿ, ಶಂಕರಘಟ್ಟ, ವಿಜಯಪುರಗಳ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ವಿಷಯದ ಪಿಎಚ್‌.ಡಿ. ನಡೆದುಬಂದಿದೆ. ಎನ್‌ಸಿಇಆರ್‌ಟಿಯ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ 1988ರ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಶಿಕ್ಷಣವನ್ನು ಸಮಾಜವಿಜ್ಞಾನದ ಕಣ್ಣಿನಿಂದ ನೋಡುವ ಸಂಶೋಧನೆಗೆ ಜಾಗ ಕೊಟ್ಟಿವೆ.

ವಿಷಯದ ಆಯ್ಕೆ

ಭಾರತದ ಪಿಎಚ್‌.ಡಿ. ಪ್ರಬಂಧಗಳ ಶೋಧಗಂಗಾ ಭಂಡಾರದಲ್ಲಿ ಶಿಕ್ಷಣ ವಿಭಾಗದ ಶೀರ್ಷಿಕೆಗಳನ್ನು ಒಂದರ್ಧ ಗಂಟೆ ನೋಡಿದರೆ ಸಾಕು, ಒಂದು ಅಚ್ಚು ಕಣ್ಣಿಗೆ ಕಟ್ಟುತ್ತದೆ. 'ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆ' ಒಂದು ಕಡೆ, ಇನ್ನೊಂದು ಕಡೆ ಸ್ವಪರಿಕಲ್ಪನೆ, ಭಾವನಾತ್ಮಕ ಬುದ್ಧಿಶಕ್ತಿ, ಅಧ್ಯಯನ ಹವ್ಯಾಸ, ಕೌಟುಂಬಿಕ ಪರಿಸರ ಇವುಗಳಲ್ಲಿ ಯಾವುದಾದರೂ ಎರಡು, ಗಂಡು-ಹೆಣ್ಣು, ಗ್ರಾಮೀಣ-ನಗರ, ಸರ್ಕಾರಿ-ಅನುದಾನಿತ-ಖಾಸಗಿ ಎಂಬ ವಿಂಗಡಣೆ, ಶೂನ್ಯ ಪ್ರಾಕ್ಕಲ್ಪನೆಗಳ ಉದ್ದ ಪಟ್ಟಿ, ಟಿ-ಪರೀಕ್ಷೆ, ಎಫ್-ಪರೀಕ್ಷೆ, ಕೊನೆಗೆ 'ಶೈಕ್ಷಣಿಕ ಇಂಗಿತಗಳು'. ಚರಗಳ ಹೆಸರು ಬದಲಾಯಿಸುತ್ತ ಹೋದರೆ ಎಷ್ಟು ಪ್ರಬಂಧಗಳನ್ನಾದರೂ ಹೀಗೆ ಹೊರತರಬಹುದು. ಈ ಅಚ್ಚಿನ ಹೊಣೆಯನ್ನು ಸಂಶೋಧನಾರ್ಥಿಯ ಮೇಲೆ ಹೊರಿಸುವುದು ತಪ್ಪು. ಬೇಗ ಮುಗಿಯುತ್ತದೆ, ಪರೀಕ್ಷಕರು ತಕರಾರು ತೆಗೆಯುವುದಿಲ್ಲ ಎಂಬ ಭರವಸೆಯ ಮೇಲೆ ಗೈಡ್‌ಗಳೇ ಇದನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದ್ದಾರೆ.

ಅಚ್ಚನ್ನು ಮುರಿಯುವುದು ಹೇಗೆ ಎಂಬುದಕ್ಕೆ ನಲಿ-ಕಲಿಯನ್ನೇ ತೆಗೆದುಕೊಳ್ಳಬಹುದು. 1990ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಇದು. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಹತ್ತು ವರ್ಷ ನಲಿ-ಕಲಿ ಪಾಠ ಮಾಡಿದ ಶಿಕ್ಷಕಿಯೊಬ್ಬರು 'ನಲಿ-ಕಲಿಯ ಪರಿಣಾಮಕಾರಿತ್ವ' ಎಂಬ ವಿಷಯ ಹಿಡಿದು ಬಂದರೆನ್ನಿ. ಗೈಡ್ ಕೇಳಬೇಕಾದ ಮೊದಲ ಪ್ರಶ್ನೆ: ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ಸರ್ಕಾರಿ ಶಾಲೆಗಳಲ್ಲೆಲ್ಲ ಅದೇ ಇರುವಾಗ ಅದಿಲ್ಲದ ಶಾಲೆ ಎಂದರೆ ಖಾಸಗಿ ಶಾಲೆ. ಅಲ್ಲಿಯ ಮಕ್ಕಳ ಮನೆ, ಹಣ, ಮಾಧ್ಯಮ ಎಲ್ಲವೂ ಬೇರೆ. ಆ ಹೋಲಿಕೆಯಿಂದ ನಲಿ-ಕಲಿಯ ಬಗ್ಗೆ ಏನೂ ತಿಳಿಯುವುದಿಲ್ಲ. 'ಹಾಗಾದ್ರೆ ಏನ್ ಮಾಡ್ಲಿ ಸರ್?' ಎಂದು ಆಕೆ ಕೇಳಿದಾಗ ಕೆಲಸ ಶುರುವಾಗುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುವಾಗ ನಿಮ್ಮ ನಲವತ್ತು ನಿಮಿಷ ಯಾರಿಗೆ ಎಷ್ಟು ಸಿಗುತ್ತದೆ? ಶಿಕ್ಷಕರ ಸಹಾಯ ಬೇಕಾಗುವ ಗುಂಪಿನಿಂದ ತಾವೇ ಕಲಿಯುವ ಗುಂಪಿಗೆ ಮಗು ಯಾವಾಗ ಹೋಗುತ್ತದೆ, ಯಾರ ತೀರ್ಮಾನ ಅದು? ನಲಿ-ಕಲಿಯ ಕಲಿಕಾ ಕಾರ್ಡು ಹಿಡಿದು ಕಲಿತ ಮಗು ನಾಲ್ಕನೇ ತರಗತಿಯಲ್ಲಿ ಪಠ್ಯಪುಸ್ತಕ ಕಂಡಾಗ ಮೊದಲ ಎರಡು ತಿಂಗಳು ಏನು ಮಾಡುತ್ತದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಆಕೆ ಹುಡುಕಬಲ್ಲರು, ಬೇರೆ ಯಾರಿಗಿಂತಲೂ ಚೆನ್ನಾಗಿ. ಹತ್ತು ವರ್ಷದ ಅನುಭವ ಇಲ್ಲಿ ಬಂಡವಾಳವಾಗುತ್ತದೆ.

ಶಾಲೆಯೊಳಗೆ ಕೂತು ನೋಡುವ ಈ ಬಗೆಯ ಸಂಶೋಧನೆಗೆ ನಮ್ಮಲ್ಲಿ ಒಳ್ಳೆಯ ಮಾದರಿಗಳಿವೆ. ರಿಷಿ ವ್ಯಾಲಿ ಶಾಲೆಯ ಬಗ್ಗೆ ಮೀನಾಕ್ಷಿ ತಾಪನ್ ಮಾಡಿದ ಅಧ್ಯಯನ 1991ರಲ್ಲಿ ಪುಸ್ತಕವಾಯಿತು. ದೆಹಲಿ ಬಳಿಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಜ್ಞಾನ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಕುರಿತ ಪದ್ಮಾ ಸಾರಂಗಪಾಣಿಯವರ ಡಾಕ್ಟರೇಟ್ ಕೆಲಸ 2003ರಲ್ಲಿ ಪುಸ್ತಕವಾಗಿ ಬಂತು; ಅವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಮಾದರಿ, ಮಾಪಕ, ಅನುಮತಿ

ಗೈಡ್‌ನ ತಾಂತ್ರಿಕ ಪರಿಣತಿ ಹೊರಗೆ ಬೀಳುವುದು ಮೂರನೇ ಅಧ್ಯಾಯದಲ್ಲಿ. ಮಾದರಿಯ ಗಾತ್ರ 384 ಎಂದು ಎಷ್ಟೋ ಪ್ರಬಂಧಗಳಲ್ಲಿ ಕಾಣುತ್ತದೆ. ಇದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ಬಂದ ಸಂಖ್ಯೆ. ಹತ್ತು ಲಕ್ಷ ಜನರಿಂದ ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಆರಿಸಿದಾಗ ಮಾತ್ರ ಅದಕ್ಕೆ ಅರ್ಥ. ಶಾಲಾ ಸಂಶೋಧನೆಯಲ್ಲಿ ಯಾರೂ ಹಾಗೆ ಆರಿಸುವುದಿಲ್ಲ. ಶಾಲೆ ಆರಿಸಿ, ತರಗತಿಗೆ ತರಗತಿಯನ್ನೇ ಕೂರಿಸುತ್ತಾರೆ. ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರು ಒಬ್ಬರೇ, ಊರು ಒಂದೇ. ಅವರ ಉತ್ತರಗಳೂ ಒಂದಕ್ಕೊಂದು ಹೋಲುತ್ತವೆ. 20 ಶಾಲೆಗಳಿಂದ ತಲಾ 30 ಮಕ್ಕಳು ಎಂದರೆ 600. ಶಾಲೆಯೊಳಗಿನ ಸಹಸಂಬಂಧ 0.2 ಇದ್ದರೆ ವಿನ್ಯಾಸ ಪರಿಣಾಮ 1 + 29 × 0.2, ಅಂದರೆ 6.8. ಆ 600 ಮಕ್ಕಳು ಕೊಡುವ ಮಾಹಿತಿ ಸುಮಾರು 88 ಸ್ವತಂತ್ರ ಮಕ್ಕಳು ಕೊಡುವಷ್ಟೇ. 600 ಎಂದು ನಂಬಿ ಟಿ-ಪರೀಕ್ಷೆ ಮಾಡಿದರೆ ಇಲ್ಲದ ವ್ಯತ್ಯಾಸಗಳೂ 'ಸಾರ್ಥಕ' ಎಂದು ಹೊರಬೀಳುತ್ತವೆ. ಬಹುಸ್ತರ ವಿಶ್ಲೇಷಣೆಯ ತಂತ್ರಾಂಶ ಈಗ ಉಚಿತವಾಗಿ ಸಿಗುತ್ತದೆ. ಅದನ್ನು ಬಳಸಲು ಗೈಡ್ ಮೊದಲು ತಾವು ಕಲಿಯಬೇಕು. ತಮ್ಮ ಕಾಲದಲ್ಲಿ ಕಲಿತ ಸಂಖ್ಯಾಶಾಸ್ತ್ರದಲ್ಲೇ ನಿಂತುಬಿಟ್ಟ ಗೈಡ್ ಸಂಶೋಧನಾರ್ಥಿಯನ್ನೂ ಅಲ್ಲಿಯೇ ನಿಲ್ಲಿಸುತ್ತಾರೆ.

ಮಾಪಕಗಳ ಕಥೆ ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿರುವ ಮನೋಭಾವ ಮಾಪಕವನ್ನು ಕನ್ನಡಕ್ಕೆ ತಂದು ಎಂಟನೇ ತರಗತಿಯವರ ಕೈಗೆ ಕೊಡುವುದು ರೂಢಿ. 'ನಮ್ಮ ಗಣಿತ ಶಿಕ್ಷಕರು ತಪ್ಪು ಮಾಡಿದಾಗ ನನ್ನನ್ನು ಬೈಯುವುದಿಲ್ಲ' ಎಂಬ ಹೇಳಿಕೆಯನ್ನೂ ಅದರ ಮುಂದಿನ 'ಒಪ್ಪುವುದಿಲ್ಲ' ಎಂಬ ಚೌಕವನ್ನೂ ನೋಡಿ. ತಪ್ಪು ಮಾಡಿದ್ದು ಯಾರು, ಶಿಕ್ಷಕರೋ ನಾನೋ? ಬೈಯುತ್ತಾರೆ ಎನ್ನಬೇಕಾದರೆ ಗುರುತು ಹಾಕಬೇಕಾದ್ದು ಎಲ್ಲಿ? ಎರಡು 'ಇಲ್ಲ'ಗಳ ನಡುವೆ ಸಿಕ್ಕಿಕೊಂಡ ಮಗು ಪಕ್ಕದವನ ಹಾಳೆ ನೋಡುತ್ತದೆ, ಇಲ್ಲವೇ ಎಲ್ಲದಕ್ಕೂ ನಡುವಿನ ಚೌಕಕ್ಕೆ ಗುರುತು ಹಾಕಿ ಹಾಳೆ ಕೊಡುತ್ತದೆ. ಬೇರೊಬ್ಬರಿಂದ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಅನುವಾದ ಮಾಡಿಸಿ ತಾಳೆ ನೋಡುವ ಕ್ರಮ ಇದೆ, ಆದರೆ ಈ ಬಗೆಯ ದೋಷ ಅದರಲ್ಲಿ ಸಿಗುವುದಿಲ್ಲ. ಹತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ 'ಇದನ್ನು ಓದಿ ನಿನಗೇನು ಅರ್ಥವಾಯಿತು ಹೇಳು' ಎಂದು ಕೇಳಿದರೆ ಮಾತ್ರ ಸಿಗುತ್ತದೆ. ಆ ಮಕ್ಕಳಲ್ಲಿ ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವವರೂ ಇರಬೇಕು. ಆಲ್ಫಾ 0.7 ದಾಟಿತು ಎಂಬುದರಿಂದ ಇದ್ಯಾವುದೂ ತಿಳಿಯುವುದಿಲ್ಲ.

ಶಾಲೆಗೆ ಕಾಲಿಡುವುದಕ್ಕೂ ಅದರದೇ ಕ್ರಮವಿದೆ. ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಪತ್ರ, ಆಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆ. ಜೂನ್‌ನಲ್ಲಿ ದಾಖಲಾತಿ, ಅಕ್ಟೋಬರ್‌ನಲ್ಲಿ ದಸರಾ ರಜೆ. ಜನವರಿ ಕಳೆದರೆ ಎಸ್‌ಎಸ್‌ಎಲ್‌ಸಿ ಸಿದ್ಧತೆ ಶುರು, ಆಗ ಯಾವ ಮುಖ್ಯ ಶಿಕ್ಷಕರೂ ಹತ್ತನೇ ತರಗತಿಯ ಬಾಗಿಲು ತೆರೆಯುವುದಿಲ್ಲ. ಇದನ್ನು ಗೈಡ್ ಮೊದಲೇ ಲೆಕ್ಕ ಹಾಕದಿದ್ದರೆ ಸಂಶೋಧನೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಪತ್ರ ಸಿಕ್ಕಿತೆಂದರೆ ಮಕ್ಕಳ ಒಪ್ಪಿಗೆ ಸಿಕ್ಕಿತು ಎಂದಲ್ಲ. ಪೋಷಕರಿಗೆ ತಿಳಿಸಬೇಕು, ಮಗುವಿಗೆ ಬೇಡ ಎನ್ನುವ ಅವಕಾಶ ಇರಬೇಕು. ವೈದ್ಯಕೀಯದಲ್ಲಿ ನೈತಿಕ ಸಮಿತಿಯ ಪರಿಶೀಲನೆ ಕಡ್ಡಾಯವೆನ್ನುವಷ್ಟು ಬೇರೂರಿದೆ, ಶಿಕ್ಷಣ ವಿಭಾಗಗಳಲ್ಲಿ ಅದು ಇನ್ನೂ ಸಡಿಲ. ಸಂದರ್ಶನದ ನಡುವೆ ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಸಂಶೋಧನೆಯ ಗೋಪ್ಯತೆ ಅಲ್ಲಿ ನಡೆಯದು. ಶಾಲೆಗೆ ಹೋಗುವ ಮುನ್ನ ಗೈಡ್ ಸಂಶೋಧನಾರ್ಥಿಯನ್ನು ಕೂರಿಸಿ ಈ ಮಾತನ್ನು ಹೇಳಿರಬೇಕು.

ನಿಯಮಗಳು

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪಿಎಚ್‌.ಡಿ.ಗೆ ಕನಿಷ್ಠ ಮಾನದಂಡಗಳನ್ನು 2009, 2016 ಮತ್ತು 2022ರಲ್ಲಿ ಹೊರಡಿಸಿತು. 2022ರ ನಿಯಮದಂತೆ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅದರಲ್ಲಿ ಸೇರಿರಬೇಕು. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೂ ಅಂಗವಿಕಲರಿಗೂ ಮತ್ತೆರಡು ಸಿಗುತ್ತದೆ. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ 2016ರ ಷರತ್ತನ್ನು 2022ರಲ್ಲಿ ಕೈಬಿಡಲಾಯಿತು, ಎಂ.ಫಿಲ್. ಪದವಿಯನ್ನು ನಿಲ್ಲಿಸಲಾಯಿತು. ಹಣ ತೆಗೆದುಕೊಂಡು ಲೇಖನ ಅಚ್ಚು ಹಾಕುವ ನಿಯತಕಾಲಿಕಗಳ ಹಾವಳಿ ನೋಡಿದವರಿಗೆ ಪ್ರಕಟಣೆಯ ಷರತ್ತು ಹೋದದ್ದು ಸರಿ ಅನಿಸುತ್ತದೆ. ಎಂ.ಫಿಲ್. ಹೋದದ್ದು ಶಿಕ್ಷಣಶಾಸ್ತ್ರಕ್ಕೆ ನಷ್ಟ. ವೃತ್ತಿಯಿಂದ ಬಂದ ಶಿಕ್ಷಕರಿಗೆ ಸಂಶೋಧನೆಯ ರುಚಿ ಹತ್ತಿಸಲು ಅದು ಅನುಕೂಲವಾದ ಮೆಟ್ಟಿಲಾಗಿತ್ತು.

ಪಿಎಚ್‌.ಡಿ.ಗೆ ಬೇಡಿಕೆ ಉಕ್ಕಿದ್ದು ಬೇರೆ ನಿಯಮಗಳಿಂದ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಂತೆ ಬಿ.ಎಡ್. ಕಾಲೇಜಿನ ಪ್ರಾಂಶುಪಾಲರಾಗಲು ಪಿಎಚ್‌.ಡಿ. ಬೇಕು. 2018ರ ಯುಜಿಸಿ ನಿಯಮದಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್‌.ಡಿ. ಕಡ್ಡಾಯ ಎಂದಾಗಿ, ಜಾರಿ ಮುಂದೂಡುತ್ತ ಬಂದು, 2023ರ ಜುಲೈಯಲ್ಲಿ ಆ ಷರತ್ತನ್ನು ತೆಗೆದರು. ಗೈಡ್ ಕಡೆಯಲ್ಲೂ ಲೆಕ್ಕವಿದೆ: ಬಡ್ತಿಯ ಅಂಕಪಟ್ಟಿಯಲ್ಲಿ ಪದವಿ ಪಡೆದ ಪ್ರತಿ ಸಂಶೋಧನಾರ್ಥಿಗೆ 10 ಅಂಕ, ಪ್ರಬಂಧ ಸಲ್ಲಿಕೆಗೆ 5. ಒಂದು ಪ್ರಬಂಧ ಹೇಗಿತ್ತು ಎಂಬುದಕ್ಕೆ ಅಂಕವಿಲ್ಲ. ಕೆಟ್ಟ ಮಾರ್ಗದರ್ಶನಕ್ಕೆ ಗೈಡ್‌ನ ಸೋಮಾರಿತನಕ್ಕಿಂತ ಈ ಎಣಿಕೆಯೇ ದೊಡ್ಡ ಕಾರಣ.

ನಕಲು ತಡೆಗೆ 2018ರ ಯುಜಿಸಿ ನಿಯಮಗಳಿವೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿ ರದ್ದು. ಕನ್ನಡ ಪ್ರಬಂಧಗಳನ್ನು ತಂತ್ರಾಂಶ ಅಷ್ಟಾಗಿ ಹಿಡಿಯುವುದಿಲ್ಲ, ಇಂಗ್ಲಿಷಿನಿಂದ ಅನುವಾದಿಸಿ ಕದ್ದದ್ದನ್ನಂತೂ ಹಿಡಿಯುವುದು ಕಷ್ಟ. ಈಗ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಅಧ್ಯಾಯಗಳೂ ಬರುತ್ತಿವೆ. ತನ್ನ ಸಂಶೋಧನಾರ್ಥಿ ಹೇಗೆ ಬರೆಯುತ್ತಾಳೆ ಎಂದು ತಿಂಗಳು ತಿಂಗಳೂ ಓದಿ ಗೊತ್ತಿರುವ ಗೈಡ್‌ಗೆ ಎರಡಕ್ಕೂ ತಂತ್ರಾಂಶ ಬೇಕಾಗುವುದಿಲ್ಲ.

ಮಾರ್ಗದರ್ಶನದ ಬಗೆಗಳು ಮತ್ತು ಬರವಣಿಗೆ

ಮಾರ್ಗದರ್ಶನವನ್ನೇ ಅಧ್ಯಯನ ಮಾಡಿದವರಲ್ಲಿ ಆಸ್ಟ್ರೇಲಿಯಾದ ಟೆರಿ ಗ್ಯಾಟ್‌ಫೀಲ್ಡ್ 2005ರಲ್ಲಿ ಬೆಂಬಲ ಮತ್ತು ಕಟ್ಟುಪಾಡು ಎಂಬ ಎರಡು ಅಳತೆಗಳ ಮೇಲೆ ಗೈಡ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಂಶೋಧನಾರ್ಥಿಯನ್ನು ಅವರ ಪಾಡಿಗೆ ಬಿಡುವವರು, ಮನೆಯವರಂತೆ ನೋಡಿಕೊಳ್ಳುವವರು, ಹೇಳಿದಂತೆ ಮಾಡಿಸುವವರು, ಮಾತುಕತೆಯಿಂದ ಒಪ್ಪಂದಕ್ಕೆ ಬರುವವರು. ಬ್ರಿಟನ್ನಿನ ಆ್ಯನ್ ಲೀ 2008ರಲ್ಲಿ ಐದು ದಾರಿ ಗುರುತಿಸಿದರು. ನಮ್ಮ ವಿಭಾಗಗಳಲ್ಲಿ ಗ್ಯಾಟ್‌ಫೀಲ್ಡ್ ಹೇಳಿದ ಎರಡನೆಯ ಮತ್ತು ಮೂರನೆಯ ಬಗೆ ಬೆರೆತು ಹೋಗಿವೆ. ಮನೆಯವರಂತೆ ನೋಡಿಕೊಳ್ಳುವ ಗೈಡ್ ಮನೆಗೆಲಸವನ್ನೂ ಹೇಳುವುದುಂಟು, ತಮ್ಮ ಉತ್ತರಪತ್ರಿಕೆಗಳನ್ನು ತಿದ್ದಿಸುವುದುಂಟು, ತಾವು ಓದದ ಲೇಖನಕ್ಕೆ ಮೊದಲ ಹೆಸರು ಹಾಕಿಸುವುದುಂಟು. 'ಸರ್ ಬೇಜಾರಾಗ್ತಾರೆ' ಎಂಬ ಒಂದೇ ಕಾರಣಕ್ಕೆ ಸಂಶೋಧನಾರ್ಥಿಗಳು ಬಾಯಿ ಬಿಡುವುದಿಲ್ಲ. ಗೈಡ್ ಬದಲಾಯಿಸುವ ಹಾದಿ ನಿಯಮದಲ್ಲಿದ್ದರೂ ಅದೇ ವಿಭಾಗದಲ್ಲಿ ಇನ್ನೊಬ್ಬರು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಗುರುಭಕ್ತಿಯ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ನಾಚಿಕೆಗೇಡು.

ಬರವಣಿಗೆಯಲ್ಲಿ ಗೈಡ್ ಹೆಚ್ಚು ಹೊತ್ತು ಕೊಡಬೇಕಾದ್ದು ಎರಡನೇ ಅಧ್ಯಾಯಕ್ಕೆ. ಡೇವಿಡ್ ಬೂಟ್ ಮತ್ತು ಪೆನಿ ಬೈಲ್ 2005ರಲ್ಲಿ ಅಮೆರಿಕದ ಶಿಕ್ಷಣ ಪ್ರಬಂಧಗಳನ್ನು ನೋಡಿ, ಸಾಹಿತ್ಯ ಸಮೀಕ್ಷೆಯೇ ಸೊರಗಿದ್ದರೆ ಸಂಶೋಧನೆ ಗಟ್ಟಿಯಾಗದು ಎಂದು ವಾದಿಸಿದರು. ಇಲ್ಲಿಯೂ ಅದೇ ಕಾಯಿಲೆ: ಇಂಥವರು ಇಂಥ ವರ್ಷ ಇಷ್ಟು ಮಕ್ಕಳನ್ನು ತೆಗೆದುಕೊಂಡು ಹೀಗೆ ಕಂಡುಕೊಂಡರು, ಇನ್ನೊಬ್ಬರು ಹೀಗೆ, ಮತ್ತೊಬ್ಬರು ಹಾಗೆ. ಅವರೆಲ್ಲ ಪರಸ್ಪರ ಒಪ್ಪುತ್ತಾರೋ ಜಗಳವಾಡುತ್ತಾರೋ ಎಂಬುದು ಪುಟ ತಿರುವಿದರೂ ಗೊತ್ತಾಗುವುದಿಲ್ಲ. ಭಾಷೆಯ ಆಯ್ಕೆಯೂ ಇಲ್ಲಿ ಕಾಡುತ್ತದೆ. ಓದು ಇಂಗ್ಲಿಷಿನಲ್ಲಿ, ಶಾಲೆಯ ಮಾತು ಕನ್ನಡದಲ್ಲಿ. ಪ್ರಬಂಧ ಇಂಗ್ಲಿಷಿನಲ್ಲಾದರೆ ಮಕ್ಕಳ ಮತ್ತು ಶಿಕ್ಷಕರ ಮಾತು ಅನುವಾದದಲ್ಲಿ ಸೊಗಡು ಕಳೆದುಕೊಳ್ಳುತ್ತದೆ, ಕನ್ನಡದಲ್ಲಾದರೆ ಹೊರರಾಜ್ಯದ ಪರೀಕ್ಷಕರು ಸಿಗುವುದು ಕಷ್ಟ. ಸಂದರ್ಶನದ ಮೂಲ ಕನ್ನಡವನ್ನು ಅನುಬಂಧದಲ್ಲಾದರೂ ಉಳಿಸಿಕೊಳ್ಳಲು ಗೈಡ್ ಒತ್ತಾಯಿಸಬೇಕು.

ಪರೀಕ್ಷೆ

ಬ್ರಿಟನ್ನಿನಲ್ಲಿ ಗೈಡ್ ಪರೀಕ್ಷಕರಾಗುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬ ಒಳಗಿನ, ಒಬ್ಬ ಹೊರಗಿನ ಪರೀಕ್ಷಕರು ಪ್ರಶ್ನಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಬಹುಕಾಲ ಮೌಖಿಕ ಪರೀಕ್ಷೆಯೇ ಇಲ್ಲದೆ ಲಿಖಿತ ವರದಿಗಳ ಮೇಲೆ ತೀರ್ಮಾನವಾಗುತ್ತಿತ್ತು. ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್‌ನಂಥ ದೇಶಗಳಲ್ಲಿ ಸಾರ್ವಜನಿಕ ಸಮರ್ಥನೆ ನಡೆಯುತ್ತದೆ. ಅಮೆರಿಕದಲ್ಲಿ ಸಮಿತಿಯೊಂದು ಮೊದಲಿನಿಂದ ಕೊನೆಯವರೆಗೂ ಜೊತೆಗಿರುತ್ತದೆ. ಭಾರತದಲ್ಲಿ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಮೌಲ್ಯಮಾಪನ ಮಾಡುತ್ತಾರೆ. ಸಲ್ಲಿಸಿದ ಆರು ತಿಂಗಳೊಳಗೆ ಎಲ್ಲ ಮುಗಿಯಬೇಕು. ಬೆಳೆಸಿದವರೇ ತೀರ್ಪು ಕೊಡುವವರಲ್ಲಿ ಒಬ್ಬರಾಗುವುದು ಈ ವ್ಯವಸ್ಥೆಯ ದುರ್ಬಲ ಜಾಗ. ಇಂದು ನನ್ನ ಸಂಶೋಧನಾರ್ಥಿಗೆ ನೀವು ಪರೀಕ್ಷಕರು, ನಾಳೆ ನಿಮ್ಮವರಿಗೆ ನಾನು ಎಂಬ ಕೊಡುಕೊಳ್ಳುವಿಕೆಯೂ ನಡೆಯುತ್ತದೆ. ಮೌಖಿಕ ಪರೀಕ್ಷೆ ಎಂದರೆ ಹಾರ, ಶಾಲು, ಊಟ ಎಂದಾಗಿದೆ. ಊಟದ ಖರ್ಚು ಸಂಶೋಧನಾರ್ಥಿಯದು. ಈ ಪದ್ಧತಿಯನ್ನು ನಿಲ್ಲಿಸಲು ಯಾವ ನಿಯಮವೂ ಬೇಕಿಲ್ಲ, ಗೈಡ್ ಒಂದು ಮಾತು ಹೇಳಿದರೆ ಸಾಕು.

ಪಿಎಚ್‌.ಡಿ.ಗೆ ಸೇರಬೇಕೆಂದಿರುವ ಶಿಕ್ಷಕರಿಗೆ ಒಂದು ಸೂಚನೆ. ಭಾರತದ ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಶೋಧಗಂಗಾದಲ್ಲಿ ಇರಿಸಿದೆ. ಮಾರ್ಗದರ್ಶಕರ ಹೆಸರು ಹಾಕಿ ಹುಡುಕಬಹುದು, ಓದಲು ಹಣ ಕೊಡಬೇಕಾಗಿಲ್ಲ. ಸಂದರ್ಶನಕ್ಕೆ ಹೋಗುವ ಮುನ್ನ ನೀವು ಬಯಸುವ ಗೈಡ್ ಹಿಂದೆ ಮಾಡಿಸಿದ ಎರಡು ಮೂರು ಪ್ರಬಂಧಗಳ ಮೂರನೇ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಓದಿ. ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ ಬೇರೆ ಗೈಡ್ ಹುಡುಕಿಕೊಳ್ಳಿ.